ಯುವಕ ಮಂಡಲದಲ್ಲಿ ಇಂಗ್ಲಿಷ್ ಪಾಠ: ಪ್ರಶಿಕ್ಷಣಾರ್ಥಿ ಗಮನಿಸಬೇಕಾದ ಮೂರು ಸಂಗತಿಗಳು

ಕರ್ನಾಟಕದ ಸರಕಾರಿ ಕನ್ನಡ ಶಾಲೆಗಳಲ್ಲಿ 2007–08ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಕಲಿಕೆ ಆರಂಭವಾಗುತ್ತದೆ. ಆದರೂ ಕಾಪುವಿನ ಕಡಲಬದಿಯ ಮಗುವಿಗೆ ಮನೆಯಲ್ಲಿ ತುಳು, ಬ್ಯಾರಿ ಇಲ್ಲವೇ ಕೊಂಕಣಿ, ಶಾಲೆಯಲ್ಲಿ ಕನ್ನಡ. ಇಂಗ್ಲಿಷ್ ಮೂರನೆಯ ಭಾಷೆ. ಪೀರಿಯಡ್ ಮುಗಿದ ಮೇಲೆ ಅದನ್ನು ಆಡುವ ಸಂದರ್ಭವೇ ಕಡಿಮೆ. ಯುವಕ ಮಂಡಲ, ಮಹಿಳಾ ಮಂಡಲ, ಸೇವಾ ಸಂಸ್ಥೆಗಳ ಸಂಜೆ ತರಗತಿ ಈ ಕೊರತೆಯನ್ನು ತುಂಬಬಲ್ಲದು. ಆದರೆ ಶಾಲೆಯ ಪಾಠಯೋಜನೆಯನ್ನೇ ಅಲ್ಲಿಗೆ ಒಯ್ದರೆ ಸಾಲದು.

ಮೊದಲನೆಯದು, ಮಟ್ಟ. ಮಂಡಲದ ಚಾಪೆಯಲ್ಲಿ ಮೂರನೇ ತರಗತಿಯ ಹುಡುಗನ ಪಕ್ಕ ಎಂಟನೆಯ ಹುಡುಗಿ ಕೂತಿರುತ್ತಾಳೆ. 1995ರಲ್ಲಿ ಮುಂಬಯಿಯಲ್ಲಿ ಆರಂಭವಾದ ಪ್ರಥಮ್ ಸಂಸ್ಥೆ ಓದು, ಲೆಕ್ಕ ಕಲಿಸುವಾಗ ಮಕ್ಕಳನ್ನು ತರಗತಿಯ ಬದಲು ಕಲಿಕಾ ಮಟ್ಟಕ್ಕೆ ತಕ್ಕಂತೆ ಗುಂಪು ಮಾಡುತ್ತದೆ. ಇಂಗ್ಲಿಷಿಗೂ ಇದು ಹೊಂದುತ್ತದೆ. ಮೊದಲ ದಿನವೇ ಅಕ್ಷರ, ಪದ, ವಾಕ್ಯ ಓದಿಸಿ ನೋಡಿ ಮೂರು ಗುಂಪು ಮಾಡಿಕೊಳ್ಳಿ.

ಎರಡನೆಯದು, ಮಕ್ಕಳ ಬಾಯಲ್ಲಿ ಆಗಲೇ ಇರುವ ಇಂಗ್ಲಿಷ್. ಬೋಟು, ಐಸು, ಇಂಜಿನು, ಡೀಸೆಲು, ರೇಟು ಇವೆಲ್ಲ ದಿನಬಳಕೆಯ ಮಾತುಗಳು. ಪಾಠ ಇಲ್ಲಿಂದ ಹೊರಡಲಿ. ಪದದ ಕೊನೆಗೆ ಸ್ವರ ಸೇರಿಸುವುದು ನಮ್ಮ ಭಾಷೆಗಳ ರೂಢಿ. ತಪ್ಪೆಂದು ನಗದೆ, ಎರಡೂ ಉಚ್ಚಾರಗಳನ್ನು ಹೇಳಿಸಿ ವ್ಯತ್ಯಾಸ ಕೇಳಿಸಿ. ‘ನಾನು ಕಾಪುವಿಗೆ ಹೋಗುತ್ತೇನೆ’ ಎಂಬಲ್ಲಿ ಕ್ರಿಯಾಪದ ಕೊನೆಗೆ. ‘ಐ ಗೋ ಟು ಕಾಪು’ ಎಂಬಲ್ಲಿ ನಡುವೆ. ಹೀಗೆ ಅಕ್ಕಪಕ್ಕ ಇಟ್ಟರೆ ವ್ಯಾಕರಣದ ಹೆಸರು ಹೇಳದೆಯೂ ಮಕ್ಕಳಿಗೆ ಹೊಳೆಯುತ್ತದೆ. ಮುಂದೆ, 1901ರ ನಮ್ಮ ದೀಪಸ್ತಂಭಕ್ಕೆ ಪ್ರವಾಸಿಗೊಬ್ಬರಿಗೆ ದಾರಿ ತೋರಿಸುವ ಸಂಭಾಷಣೆ ಆಡಿಸಬಹುದು.

ಮೂರನೆಯದು, ನಾವು ಹೋದ ಮೇಲೆ ಏನು? 2014ರ ಎನ್‌ಸಿಟಿಇ ನಿಯಮದಂತೆ ಎರಡು ವರ್ಷದ ಬಿ.ಎಡ್.ನಲ್ಲಿ ಕ್ಷೇತ್ರಾನುಭವಕ್ಕೆ ಇರುವುದು 20 ವಾರ. ಅದು ಮುಗಿದಾಗ ನಮ್ಮ ದಾಖಲೆ ಪುಸ್ತಕ ತುಂಬಿರುತ್ತದೆ. ಮಕ್ಕಳು ಮಾತ್ರ ಅಲ್ಲೇ ಇರುತ್ತಾರೆ. ಆದ್ದರಿಂದ ಮೊದಲ ವಾರದಿಂದಲೇ ಊರಿನ ಪಿಯುಸಿ ವಿದ್ಯಾರ್ಥಿಯೊಬ್ಬರನ್ನು ಜೊತೆಗೆ ಕೂರಿಸಿಕೊಳ್ಳಿ, ಒಂದು ಗುಂಪನ್ನು ಅವರಿಗೇ ಒಪ್ಪಿಸಿ. ಮಿಂಚುಪಟ್ಟಿಗಳು, ಹಾಜರಿ ಪುಸ್ತಕ, ಗುಂಪುಗಳ ಟಿಪ್ಪಣಿ ಮಂಡಲದ ಕಪಾಟಿನಲ್ಲೇ ಉಳಿಯಲಿ. ಶಾಲೆಯ ಶಿಕ್ಷಕರಿಗೂ ವಿಷಯ ತಿಳಿದಿರಲಿ.

ಅರ್ಧಕ್ಕೆ ನಿಂತ ತರಗತಿಯಿಂದ ಮಗು ಕಲಿಯುವುದು ಒಂದೇ: ‘ಇಂಗ್ಲಿಷ್ ನನ್ನ ತಲೆಗೆ ಹತ್ತುವುದಿಲ್ಲ.’ ಅದನ್ನು ಕಲಿಸಿ ಬರುವುದಕ್ಕಿಂತ, ಮುಂದುವರಿಸುವವರು ಸಿಕ್ಕ ಮೇಲೆ ತರಗತಿ ತೆರೆಯುವುದು ಲೇಸು.