ಅತಿವಾಹಕ ವಿದ್ಯುನ್ಮಂಡಲ ಮತ್ತು ವರ್ತಕರ ಡಿಜಿಟಲ್ ಸಹಿ

ರಿಟರ್ನ್ ಸಲ್ಲಿಸುವಾಗ ಬಳಸುವ ಡಿಜಿಟಲ್ ಸಹಿಗೂ ಬ್ಯಾಂಕಿನ ಆನ್‌ಲೈನ್ ವ್ಯವಹಾರಕ್ಕೂ ಗಣಿತದ ಒಂದು ತೊಡಕೇ ರಕ್ಷಣೆ. ವ್ಯಾಪಕ ಬಳಕೆಯಲ್ಲಿರುವ ಆರ್‌ಎಸ್‌ಎ ಪದ್ಧತಿಯನ್ನೇ ನೋಡಬಹುದು. ಎರಡು ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸುವುದು ಸುಲಭ. ಗುಣಲಬ್ಧದಿಂದ ಅವುಗಳನ್ನು ಮರಳಿ ಬೇರ್ಪಡಿಸುವುದು ಇಂದಿನ ಕಂಪ್ಯೂಟರ್‌ಗಳಿಗೆ ಅಸಾಧ್ಯಪ್ರಾಯ. ಸಾಕಷ್ಟು ದೊಡ್ಡ ಕ್ವಾಂಟಂ ಕಂಪ್ಯೂಟರ್ ಇದನ್ನು ಬಿಡಿಸಬಲ್ಲದೆಂದು ಅಮೆರಿಕದ ಪೀಟರ್ ಶೋರ್ 1994ರಲ್ಲಿಯೇ ತೋರಿಸಿದರು. ಅಂತಹ ಯಂತ್ರದ ನಿರ್ಮಾಣಕ್ಕಾಗಿ ನಡೆದಿರುವ ಪ್ರಯತ್ನಗಳಲ್ಲಿ ಅತಿವಾಹಕ ವಿದ್ಯುನ್ಮಂಡಲಗಳ ಸಂಶೋಧನೆ ಪ್ರಮುಖವಾದುದು.

ಕೆಲವು ಲೋಹಗಳನ್ನು ಅತಿಯಾಗಿ ತಂಪುಗೊಳಿಸಿದಾಗ ಅವುಗಳಲ್ಲಿ ವಿದ್ಯುತ್ತು ಪ್ರತಿರೋಧವಿಲ್ಲದೆ ಹರಿಯುತ್ತದೆ. ಇದೇ ಅತಿವಾಹಕತೆ. ಎರಡು ಅತಿವಾಹಕಗಳ ನಡುವೆ ತೆಳುವಾದ ನಿರೋಧಕ ಪದರವಿರಿಸಿದರೆ ಅದು ‘ಜೋಸೆಫ್‌ಸನ್ ಸಂಧಿ’. ಇಂತಹ ಸಂಧಿಯುಳ್ಳ ಮಂಡಲವು ಪರಮಾಣುವಿನಂತೆ ನಿಯತ ಶಕ್ತಿಮಟ್ಟಗಳನ್ನು ಹೊಂದಿರುತ್ತದೆಂಬುದನ್ನು 1984-85ರಲ್ಲಿ ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ ಜಾನ್ ಕ್ಲಾರ್ಕ್, ಮಿಷೆಲ್ ಡೆವೊರೆ ಮತ್ತು ಜಾನ್ ಮಾರ್ಟಿನಿಸ್ ಪ್ರಯೋಗದಿಂದ ತೋರಿಸಿದರು. ಇದಕ್ಕಾಗಿ ಅವರಿಗೆ 2025ರ ಭೌತವಿಜ್ಞಾನದ ನೊಬೆಲ್ ಪಾರಿತೋಷಕ ದೊರೆಯಿತು. ಆ ಮಟ್ಟಗಳಲ್ಲಿ ಕೆಳಗಿನ ಎರಡನ್ನು ಸೊನ್ನೆ ಮತ್ತು ಒಂದು ಎಂದು ಬಳಸಿಕೊಂಡರೆ, ಎರಡೂ ಸ್ಥಿತಿಗಳು ಏಕಕಾಲದಲ್ಲಿ ಬೆರೆತಿರಬಲ್ಲ ‘ಕ್ಯೂಬಿಟ್’ ಸಿದ್ಧವಾಗುತ್ತದೆ.

ಅಡ್ಡಿಯಿರುವುದು ದೋಷಗಳಲ್ಲಿ. ನಿರಪೇಕ್ಷ ಶೂನ್ಯದ ಸಮೀಪದ ತಂಪಿನಲ್ಲಿಟ್ಟರೂ ಕ್ಯೂಬಿಟ್ ಸೂಕ್ಷ್ಮ ಅಡಚಣೆಗೂ ಕೆಡುತ್ತದೆ. ಜೋಡಿ ನಮೂದು ಪದ್ಧತಿಯಲ್ಲಿ ಪ್ರತಿ ವ್ಯವಹಾರವನ್ನೂ ಎರಡು ಕಡೆ ಬರೆದು ತಾಳೆ ನೋಡುವಂತೆ, ಇಲ್ಲಿ ಒಂದು ಕ್ಯೂಬಿಟ್‌ನ ಮಾಹಿತಿಯನ್ನು ಅನೇಕ ಕ್ಯೂಬಿಟ್‌ಗಳಿಗೆ ಹಂಚಿ ತಪ್ಪನ್ನು ಪತ್ತೆಹಚ್ಚಲಾಗುತ್ತದೆ. ಹೀಗೆ ಹಂಚುವ ಕ್ಯೂಬಿಟ್‌ಗಳು ಹೆಚ್ಚಿದಂತೆ ದೋಷ ಇಳಿಯುವುದನ್ನು ಗೂಗಲ್‌ನ 105 ಕ್ಯೂಬಿಟ್‌ಗಳ ‘ವಿಲ್ಲೋ’ ಚಿಪ್ 2024ರಲ್ಲಿ ತೋರಿಸಿತು.

2048 ಬಿಟ್‌ಗಳ ಆರ್‌ಎಸ್‌ಎ ಭೇದಿಸಲು ಸುಮಾರು ಎರಡು ಕೋಟಿ ಕ್ಯೂಬಿಟ್‌ಗಳು ಬೇಕೆಂದು 2019ರಲ್ಲಿ ಅಂದಾಜಿಸಲಾಗಿತ್ತು. 2025ರಲ್ಲಿ ಅದು ಹತ್ತು ಲಕ್ಷಕ್ಕೂ ಕೆಳಗಿಳಿಯಿತು. ಯಂತ್ರವು ದೊಡ್ಡದಾಗುತ್ತಿದೆ, ಬೇಕಾದ ಗಾತ್ರವೂ ಕುಗ್ಗುತ್ತಿದೆ ಎಂಬುದು ಗಮನಾರ್ಹ. ಭಾರತವೂ 2023ರಲ್ಲಿ 6,003.65 ಕೋಟಿ ರೂಪಾಯಿಗಳ ರಾಷ್ಟ್ರೀಯ ಕ್ವಾಂಟಂ ಮಿಷನ್‌ಗೆ ಮಂಜೂರಾತಿ ನೀಡಿದ್ದು, ಅದರ ಕಂಪ್ಯೂಟಿಂಗ್ ಕೇಂದ್ರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ.

ವರ್ತಕರು ಭೀತಿಪಡಬೇಕಾಗಿಲ್ಲ, ‘ಕ್ವಾಂಟಂ’ ಎಂಬ ಹೆಸರಿಗೆ ಮಾತ್ರ ಮರುಳಾಗಿ ತಂತ್ರಾಂಶ ಕೊಳ್ಳಬೇಕಾಗಿಯೂ ಇಲ್ಲ. ಆದರೆ ಇಂದು ಕದ್ದ ಗೂಢಲಿಪಿಯ ಕಡತವನ್ನು ಕಾದಿಟ್ಟು ನಾಳೆ ತೆರೆಯಬಹುದು. ಉತ್ಪನ್ನದ ಸೂತ್ರ, ವಿನ್ಯಾಸ, ದೀರ್ಘಾವಧಿಯ ಕರಾರುಗಳಿಗೆ ಈ ಅಪಾಯವಿದೆ. ಇದನ್ನು ತಡೆಯಬಲ್ಲ ಹೊಸ ಗೂಢಲಿಪಿ ಮಾನದಂಡಗಳನ್ನು ಅಮೆರಿಕದ ಮಾನಕ ಸಂಸ್ಥೆಯು 2024ರ ಆಗಸ್ಟ್‌ನಲ್ಲಿ ಪ್ರಕಟಿಸಿದೆ. ಅವುಗಳಿಗೆ ಯಾವಾಗ ಬದಲಾಗುವಿರಿ ಎಂದು ತಂತ್ರಾಂಶ ಪೂರೈಕೆದಾರರನ್ನು ಮುಂದಿನ ನವೀಕರಣಕ್ಕೆ ಮೊದಲೇ ಲಿಖಿತವಾಗಿ ಕೇಳುವುದು ಖರ್ಚಿಲ್ಲದ ಮುಂಜಾಗ್ರತೆ.