ಆಟ–ಪಾಠಗಳ ನಡುವೆ ನಿದ್ರೆಗೂ ಸ್ಥಾನವಿರಲಿ

ವಸತಿ ಶಾಲೆಯಲ್ಲಿ ಓದುವ ಮಗು ಕಬಡ್ಡಿಯಲ್ಲೋ ಕುಸ್ತಿಯಲ್ಲೋ ಗೆದ್ದು ಜಿಲ್ಲಾ ಮಟ್ಟಕ್ಕೆ ಆಯ್ಕೆಯಾದರೆ ನಾವೆಲ್ಲ ಹಿಗ್ಗುತ್ತೇವೆ. ಅದೇ ಮಗು ಹತ್ತನೆಯ ತರಗತಿಗೆ ಬಂದೊಡನೆ ‘ಇನ್ನು ಆಟ ಸಾಕು’ ಎನ್ನುತ್ತೇವೆ. ಅಂಕಗಳು ಕುಸಿದರೆ ಆಟವನ್ನು ದೂರುತ್ತೇವೆ. ಆದರೆ ಇವೆರಡರ ಪೈಪೋಟಿಯಲ್ಲಿ ಸದ್ದಿಲ್ಲದೆ ಸೊರಗುವುದು ಮಗುವಿನ ನಿದ್ರೆ; ಅದರತ್ತ ನಮ್ಮ ಗಮನ ಹರಿಯುವುದು ವಿರಳ.

ನಸುಕಿನ 5 ಗಂಟೆಗೆ ಮೈದಾನಕ್ಕಿಳಿಯುವ ವಿದ್ಯಾರ್ಥಿ ರಾತ್ರಿ 11ರವರೆಗೆ ಓದಿದರೆ ಅವನಿಗೆ 6 ಗಂಟೆಯ ನಿದ್ರೆಯೂ ದೊರೆಯದು. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆಗಳ ನಿದ್ರೆ ಬೇಕೆಂಬುದು ನಿದ್ರಾತಜ್ಞರ ಅಭಿಮತ. ಹಗಲು ಓದಿದ್ದು ನೆನಪಿನಲ್ಲಿ ನೆಲೆಗೊಳ್ಳಲು ನಿದ್ರೆ ಅವಶ್ಯ. ದಣಿದ ಸ್ನಾಯುಗಳು ಚೇತರಿಸಿಕೊಳ್ಳುವುದೂ, ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಸ್ರವಿಸುವುದೂ ಗಾಢನಿದ್ರೆಯಲ್ಲಿಯೇ. ನಿದ್ರೆಗೆಟ್ಟ ಮಗು ತರಗತಿಯಲ್ಲಿ ತೂಕಡಿಸುತ್ತದೆ. ಮೈದಾನದಲ್ಲಿ ಸುಲಭವಾಗಿ ಗಾಯಗೊಳ್ಳುತ್ತದೆ.

ಆದ್ದರಿಂದ ದಿನಚರಿಯನ್ನು ರೂಪಿಸುವಾಗ ಮೊದಲು ನಿದ್ರೆಯ ವೇಳೆಯನ್ನು ನಿಗದಿಪಡಿಸಬೇಕು. ರಾತ್ರಿ 9.30ಕ್ಕೆ ಮಲಗಿ ಬೆಳಿಗ್ಗೆ 5.30ಕ್ಕೆ ಎದ್ದರೆ 8 ಗಂಟೆಗಳಾಗುತ್ತವೆ. ಉಳಿದ ವೇಳೆಯನ್ನು ಓದಿಗೂ ಆಟಕ್ಕೂ ಹಂಚಬೇಕು. ವಾರಕ್ಕೊಂದು ದಿನ ಅಭ್ಯಾಸಕ್ಕೆ ಬಿಡುವಿರಲಿ. ಪಂದ್ಯಗಳಿಗೆ ಹೋದಾಗ ತಪ್ಪಿದ ಪಾಠಗಳನ್ನು ಮರಳಿದ ವಾರದಲ್ಲಿಯೇ ಹೇಳಿಕೊಡುವ ವ್ಯವಸ್ಥೆ ಇದ್ದರೆ, ಮಗು ನಿದ್ರೆಗೆಟ್ಟು ಓದುವ ಪ್ರಸಂಗ ಬರುವುದಿಲ್ಲ. ಪರೀಕ್ಷೆ ಸಮೀಪಿಸಿದಾಗ ಅಭ್ಯಾಸವನ್ನು ತಗ್ಗಿಸಬಹುದು, ಪೂರ್ಣ ನಿಲ್ಲಿಸಬಾರದು. ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ದೈಹಿಕ ಚಟುವಟಿಕೆ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ.

ಆಹಾರದಲ್ಲಿಯೂ ಎಚ್ಚರ ಬೇಕು. ಬೆಳಗಿನ ಅಭ್ಯಾಸದ ನಂತರ ಉಪಾಹಾರ ತಪ್ಪಬಾರದು. ರಾಗಿ, ಹಾಲು, ಮೊಳಕೆಕಾಳು, ಸೊಪ್ಪು ನಿತ್ಯವೂ ಇರಲಿ. ಸೊಪ್ಪು–ಕಾಳುಗಳ ಮೇಲೆ ನಿಂಬೆರಸ ಹಿಂಡಿದರೆ ಅವುಗಳ ಕಬ್ಬಿಣಾಂಶ ದೇಹಕ್ಕೆ ಚೆನ್ನಾಗಿ ದಕ್ಕುತ್ತದೆ. ಊಟದೊಡನೆ ಚಹಾ ಕುಡಿದರೆ ಅದು ಕುಗ್ಗುತ್ತದೆ. ಕುಸ್ತಿಯ ತೂಕದ ವರ್ಗಕ್ಕಾಗಿ ನೀರು, ಅನ್ನ ಬಿಡುವುದು ಅಪಾಯಕರ. ಆಟವಾಡುವ ಹೆಣ್ಣುಮಕ್ಕಳಲ್ಲಿ ಸದಾ ಆಯಾಸ ಕಂಡುಬಂದರೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಬೇಕು; ಮುಟ್ಟು ನಿಂತುಹೋದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು.

ವಸತಿ ಶಾಲೆಗೆ ಮಕ್ಕಳನ್ನು ಕಾಣಲು ಹೋದಾಗ ಅಂಕ, ಪದಕಗಳನ್ನು ವಿಚಾರಿಸುವ ಮುನ್ನ ನಾವು ಕೇಳಬೇಕಾದ ಮಾತೊಂದಿದೆ: ‘ಮಗು, ರಾತ್ರಿ ಎಷ್ಟು ಹೊತ್ತಿಗೆ ಮಲಗುತ್ತೀ?’ ಉತ್ತರ ಸಮಾಧಾನಕರವಾಗಿರದಿದ್ದರೆ ಶಿಕ್ಷಕರನ್ನೂ ತರಬೇತುದಾರರನ್ನೂ ಒಟ್ಟಿಗೆ ಕೂರಿಸಿಕೊಂಡು ಮಾತನಾಡೋಣ.