ರಾಶಿ ನೋಡಿ ವೃತ್ತಿ ಆಯ್ಕೆ: ಹತ್ತನೇ ತರಗತಿಯಲ್ಲಿ ಒಂದು ಚಟುವಟಿಕೆ

ಈ ಸಲದ ಬೋಧನಾಭ್ಯಾಸಕ್ಕೆ ನಮ್ಮ ತಂಡವನ್ನು ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳ ಪ್ರೌಢಶಾಲೆಗಳಿಗೆ ಹಂಚಿದ್ದರು. ನನ್ನ ಪಾಲಿಗೆ ಬಂದದ್ದು ಹೊಳೆನರಸೀಪುರ ತಾಲ್ಲೂಕಿನ ಒಂದು ಶಾಲೆ, ವಿಷಯ ಗಣಿತ.

ಒಂದು ದಿನ ಪಾಠ ಬೇಗ ಮುಗಿಯಿತು. ಎಸ್‌ಎಸ್‌ಎಲ್‌ಸಿ ಆದ ಮೇಲೆ ಏನು ಓದುತ್ತೀರಿ ಎಂದು ಕೇಳಿದೆ. ಲೆಕ್ಕದಲ್ಲಿ ಸದಾ ಮುಂದಿದ್ದ ಹುಡುಗಿಯೊಬ್ಬಳು, "ಹಾಸನದಲ್ಲಿ ಡಿಪ್ಲೊಮಾ ಮಾಡ್ಬೇಕು ಅಂತಿದ್ದೆ ಮೇಡಂ. ಆದ್ರೆ ನಂದು ಕಟಕ ರಾಶಿ. ಕಟಕದವರ ಮನಸ್ಸು ಮೆದು, ಯಂತ್ರದ ಕೆಲಸ ಆಗಿಬರಲ್ಲ ಅಂತ ಮೊಬೈಲಲ್ಲಿ ಬಂತು" ಎಂದಳು. "ಅದೆಲ್ಲ ಮೂಢನಂಬಿಕೆ" ಎಂದುಬಿಟ್ಟೆ. ತರಗತಿ ನಕ್ಕಿತು. ಅವಳು ಆ ದಿನ ಮತ್ತೆ ಕೈ ಎತ್ತಲಿಲ್ಲ. ಹಿಂದಿನ ಬೆಂಚಿನಲ್ಲಿದ್ದ ನಮ್ಮ ಉಪನ್ಯಾಸಕರು ವೀಕ್ಷಣಾ ಪುಸ್ತಕದಲ್ಲಿ ಬರೆದರು: "ವಿವರಣೆ ಕೊಡದೆ ತೀರ್ಪು ಕೊಟ್ಟಿರಿ."

ಮರುದಿನ ವಿವರಣೆಗೆ ಸಿದ್ಧಳಾಗಿ ಹೋದೆ.

ಮೊದಲು, ಯಾವ ರಾಶಿ? ಮೊಬೈಲಿನ ರಾಶಿ ಹುಟ್ಟಿದ ತಾರೀಖಿನಿಂದ, ಅಂದರೆ ಸೂರ್ಯನಿಂದ ಬರುತ್ತದೆ. ಜಾತಕದ ಜನ್ಮರಾಶಿ ಚಂದ್ರನಿಂದ. ಚಂದ್ರ ಒಂದು ರಾಶಿಯಲ್ಲಿ ಇರುವುದು ಸುಮಾರು ಎರಡೂಕಾಲು ದಿನ. ಜಾತಕ ಬರೆಸದಿದ್ದರೆ ಹೆಸರಿನ ಮೊದಲ ಅಕ್ಷರ ಹಿಡಿಯುತ್ತಾರೆ. ಜುಲೈ 1ರಂದು ಹುಟ್ಟಿದವರು ಮೊಬೈಲಿನಲ್ಲಿ ಕಟಕ. ನಮ್ಮ ಪಂಚಾಂಗದಲ್ಲಿ ಆ ದಿನ ಸೂರ್ಯ ಇನ್ನೂ ಮಿಥುನದಲ್ಲಿರುತ್ತಾನೆ. ಹೆಸರು 'ಮ'ದಿಂದ ಶುರುವಾದರೆ ಮಖಾ ನಕ್ಷತ್ರ, ಸಿಂಹ ರಾಶಿ. ಒಂದೇ ಮಗುವಿಗೆ ಮೂರು ರಾಶಿ, ಮೂರು ಸ್ವಭಾವ! ಶಾಲಾ ದಾಖಲೆಗೆಂದು ಅಂದಾಜಿನಲ್ಲಿ ಬರೆಸಿದ ಜನ್ಮದಿನವಾದರೆ ಹೇಳುವುದೇ ಬೇಡ.

ಎರಡನೆಯದು, ಬರೆದದ್ದು ನಮಗೇ ಹೊಂದುತ್ತದಲ್ಲ, ಏಕೆ? ಎಲ್ಲರಿಗೂ ಅವರವರ ರಾಶಿಯ ಫಲವೆಂದು ಮಡಚಿದ ಚೀಟಿ ಕೊಟ್ಟೆ. "ಹೊರಗೆ ಧೈರ್ಯವಾಗಿ ಕಂಡರೂ ಒಳಗೆ ಅಳುಕುತ್ತೀರಿ", "ಮನೆಯವರು ನಿಮ್ಮನ್ನು ಪೂರ್ತಿ ಅರ್ಥ ಮಾಡಿಕೊಂಡಿಲ್ಲ" ಇಂಥ ಐದು ವಾಕ್ಯ. ನಿಜ ಎಂದವರು ಕೈ ಎತ್ತಿ ಎಂದಾಗ ಬಹುಪಾಲು ಕೈಗಳು ಮೇಲೆದ್ದವು. ಪಕ್ಕದವರ ಚೀಟಿ ಓದಲು ಹೇಳಿದೆ. ಎಲ್ಲವೂ ಒಂದೇ! ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ಟ್ರಮ್ ಫೋರರ್ 1948ರಲ್ಲಿ ತಮ್ಮ 39 ವಿದ್ಯಾರ್ಥಿಗಳಿಗೆ ಇದನ್ನೇ ಮಾಡಿದ್ದರು. ಅವರು ಕೊಟ್ಟ ಸರಾಸರಿ ಅಂಕ 5ಕ್ಕೆ 4.26.

ಮೂರನೆಯದು, ಜಾತಕವನ್ನೇ ಪರೀಕ್ಷಿಸಿದರೆ? ಖಗೋಳ ವಿಜ್ಞಾನಿ ಜಯಂತ ನಾರ್ಳೀಕರ್ ಮತ್ತು ಸಂಗಡಿಗರು ಮಹಾರಾಷ್ಟ್ರದಲ್ಲಿ 200 ಮಕ್ಕಳ ಜಾತಕ ಸಂಗ್ರಹಿಸಿದರು. ಅರ್ಧ ಮಕ್ಕಳು ಪ್ರತಿಭಾವಂತರು, ಉಳಿದರ್ಧ ಬೌದ್ಧಿಕ ಅಸಾಮರ್ಥ್ಯವುಳ್ಳವರು. 27 ಜ್ಯೋತಿಷಿಗಳಿಗೆ ತಲಾ 40 ಜಾತಕ ಕೊಟ್ಟು ಯಾರು ಯಾವ ಗುಂಪಿನವರೆಂದು ಕೇಳಿದರು. ಸರಿಯಾದದ್ದು ಶೇ 46. ನಾಣ್ಯ ಚಿಮ್ಮಿದರೂ ಶೇ 50ರಷ್ಟು ಸರಿಯಾಗುತ್ತಿತ್ತು. ಸಂಭವನೀಯತೆಯ ಪಾಠಕ್ಕೆ ಇದು ಒಳ್ಳೆಯ ಉದಾಹರಣೆ.

ಇಲ್ಲಿಗೆ ನಿಲ್ಲಿಸಿದ್ದರೆ ಮಕ್ಕಳ ಕೈಯಲ್ಲಿದ್ದದ್ದನ್ನು ಕಿತ್ತುಕೊಂಡಂತಾಗುತ್ತಿತ್ತು. ಆದ್ದರಿಂದ ಮೂರು ಪ್ರಶ್ನೆ ಕೊಟ್ಟೆ. ಯಾರೂ ಹೇಳದಿದ್ದರೂ ನೀವೇ ಕೂತು ಮಾಡುವ ಕೆಲಸ ಯಾವುದು? ತಪ್ಪಾದರೂ ಬಿಡದೆ ಮತ್ತೆ ಮಾಡುವುದು ಯಾವುದು? ಅದನ್ನು ಓದಲು ಎಲ್ಲಿಗೆ ಹೋಗಬೇಕು, ಖರ್ಚೆಷ್ಟು? ಹಾಸನದಲ್ಲೇ ಕೃಷಿ, ಪಶುವೈದ್ಯ, ವೈದ್ಯಕೀಯ, ಎಂಜಿನಿಯರಿಂಗ್ ಕಾಲೇಜುಗಳಿವೆ, ಹೊಳೆನರಸೀಪುರದಿಂದ ರೈಲೂ ಇದೆ ಎಂಬುದು ಕೆಲವರಿಗೆ ಹೊಸ ಸುದ್ದಿ.

ಆ ಹುಡುಗಿ ಬರೆದಿದ್ದಳು: "ಮನೆಯ ಮಿಕ್ಸಿ ಎರಡು ಸಲ ಬಿಚ್ಚಿದ್ದೇನೆ. ಎರಡನೇ ಸಲ ಓಡಿತು." ಡಿಪ್ಲೊಮಾ ವಿಚಾರ ಅಮ್ಮನ ಹತ್ತಿರ ಮಾತಾಡುತ್ತೇನೆ ಎಂದಳು.

ಸಹ ಪ್ರಶಿಕ್ಷಣಾರ್ಥಿಗಳಲ್ಲಿ ಒಂದು ವಿನಂತಿ: ಮಗು ರಾಶಿಯ ಮಾತೆತ್ತಿದರೆ ನಗಬೇಡಿ. ಮನೆಯಲ್ಲಿ ನಂಬುವವರನ್ನು ಹೀಗಳೆಯಬೇಡಿ. ಚೀಟಿ ಹಂಚಿ, ಪಕ್ಕದವರದ್ದನ್ನು ಓದಿಸಿ, ಆಮೇಲೆ ಅವರವರ ಕೆಲಸದ ಬಗ್ಗೆ ಕೇಳಿ. ಒಂದು ಅವಧಿ ಸಾಕು.